ಹಳೇ ತಿಜೋರಿಗೆ ಬೇರೆ ಬೀಗ: ತೊಂದರೆ ಎಲ್ಲಿದೆ ಎಂದು ಮೊದಲು ಗೊತ್ತುಮಾಡಿಕೊಳ್ಳಿ

ಬೆಂಗಳೂರಿನ ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಹಳೇ ಅಂಗಡಿ ಖಾಲಿ ಮಾಡುವಾಗ, ಬಸವನಗುಡಿ, ಮಲ್ಲೇಶ್ವರದಲ್ಲಿ ತಾತನ ಕಾಲದ ಮನೆ ಕೆಡವುವಾಗ ಕೊನೆಗೆ ಉಳಿಯುವುದು ತಿಜೋರಿ. ಎತ್ತಲು ನಾಲ್ಕೈದು ಜನ ಬೇಕು, ಗುಜರಿಗೆ ಹಾಕಲು ಮನಸ್ಸು ಬಾರದು, ಬೀಗ ಮಾತ್ರ ಕೆಲಸ ಮಾಡದು. ಆಗ ಎಲ್ಲರೂ ಕೇಳುವುದು ಒಂದೇ: “ಇದಕ್ಕೆ ಬೇರೆ ಲಾಕು ಎಲ್ಲಿ ಸಿಗತ್ತೆ?”

ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಹಳೇ ತಿಜೋರಿಯ ಬೀಗವನ್ನು ದಪ್ಪ ಹಿತ್ತಾಳೆ ಮತ್ತು ಉಕ್ಕಿನಲ್ಲಿ ಮಾಡಿರುತ್ತಾರೆ. ಅದು ಪೂರ್ತಿ ಕೆಟ್ಟುಹೋಗುವುದು ಅಪರೂಪ. ಹೆಚ್ಚಿನ ಸಲ ತಪ್ಪು ಕೊಳೆಯದ್ದು, ಹಾಕಬಾರದ ಎಣ್ಣೆಯದ್ದು, ಸವೆದ ಕೀಯದ್ದು ಅಥವಾ ಜಗ್ಗಿದ ಬಾಗಿಲಿನದ್ದು, ಅಪವಾದ ಬೀಗಕ್ಕೆ. ನಿಜಕ್ಕೂ ಬದಲಿಸಲೇಬೇಕಾದರೆ ಹೊಸ ಬೀಗ ಹೊಂದಬೇಕಾದದ್ದು ಬಾಗಿಲ ಮುಖಕ್ಕಲ್ಲ, ಹೆಸರಿನ ಫಲಕಕ್ಕೂ ಅಲ್ಲ. ಬಾಗಿಲ ಹಿಂದೆ ಓಡಾಡುವ ಅಗುಳಿಗಳಿಗೆ ಅದು ಹೊಂದಬೇಕು.

ಮುಂದೆ ಬರುವ ನಾಲ್ಕು ಪದಗಳು ಇವು. ಹ್ಯಾಂಡಲ್ ತಿರುಗಿಸಿದಾಗ ಬಾಗಿಲ ಅಂಚಿನಿಂದ ಹೊರಚಾಚುವ ದಪ್ಪ ಸರಳುಗಳು ಅಗುಳಿ. ಬೀಗದ ಪೆಟ್ಟಿಗೆಯಿಂದ ಒಳಕ್ಕೂ ಹೊರಕ್ಕೂ ಸರಿಯುವ ಚಪ್ಪಟೆ ತುಂಡು ನಾಲಿಗೆ. ಬೀಗದೊಳಗೆ ಒಂದರ ಮೇಲೊಂದು ಕೂತ ತೆಳು ತಗಡುಗಳು ಲಿವರ್. ಪ್ರತಿ ಲಿವರಿನಲ್ಲೂ ಕೊರೆದ ಒಂದು ಸಂದಿ ಇರುತ್ತದೆ, ಅದು ಕಚ್ಚು. ಕೀಯ ಒಂದೊಂದು ಮೆಟ್ಟಿಲೂ ಒಂದೊಂದು ಲಿವರನ್ನು ಸರಿಯಾದ ಎತ್ತರಕ್ಕೆ ಎತ್ತಿ ಕಚ್ಚುಗಳೆಲ್ಲ ಒಂದೇ ಸಾಲಿಗೆ ಬಂದಾಗ ಮಾತ್ರ ನಾಲಿಗೆಯ ಮೇಲಿನ ಗೂಟ ಅವುಗಳೊಳಗೆ ನುಗ್ಗುತ್ತದೆ, ನಾಲಿಗೆ ಸರಿಯುತ್ತದೆ. ಒಂದೇ ಒಂದು ಲಿವರ್ ಕೂದಲೆಳೆಯಷ್ಟು ಹೆಚ್ಚು ಎದ್ದರೂ ಕಡಿಮೆ ಎದ್ದರೂ ಬೀಗ ತೆರೆಯದು. ಕೆಳಗಿನ ಲಕ್ಷಣಗಳಲ್ಲಿ ಅರ್ಧದಷ್ಟು ಇದರಿಂದಲೇ ಅರ್ಥವಾಗುತ್ತವೆ.

ಕೈ ಹಾಕುವ ಮುಂಚೆ

ಬಾಗಿಲು ಈಗ ತೆರೆದಿದ್ದರೆ ಅದನ್ನು ಮುಚ್ಚಬೇಡಿ. ಬೀಗದ ಪ್ರತಿಯೊಂದು ಪರೀಕ್ಷೆಯೂ ಬಾಗಿಲು ತೆರೆದಿರುವಾಗಲೇ ನಡೆಯಬೇಕು. ಬಾಗಿಲ ಸಂದಿಗೆ ಒಂದು ಮರದ ತುಂಡು ಇಟ್ಟು ಹಗ್ಗದಿಂದ ಕಟ್ಟಿ. ಮನೆಯಲ್ಲಿ ಮಕ್ಕಳಿದ್ದರೆ ಇದು ಇನ್ನೂ ಮುಖ್ಯ. ದೊಡ್ಡ ತಿಜೋರಿಯೊಳಗೆ ಮಗು ಕೂತು ಬಾಗಿಲು ಎಳೆದುಕೊಂಡರೆ ಒಳಗೆ ಗಾಳಿ ಆಡುವುದಿಲ್ಲ.

ತಿಜೋರಿಯ ಬಾಗಿಲೊಂದೇ ನೂರು ಕಿಲೋ ದಾಟಬಹುದು. ಬಾಗಿಲು ಪೂರ್ತಿ ತೆರೆದಾಗ ಇಡೀ ಪೆಟ್ಟಿಗೆ ಮುಂದಕ್ಕೆ ವಾಲುವ ಅಪಾಯವೂ ಇದೆ. ತಿಜೋರಿ ಚಕ್ರಗಳ ಮೇಲೆ ನಿಂತಿದ್ದರೆ ಮೊದಲು ಚಕ್ರಗಳಿಗೆ ಅಡ್ಡ ಕೊಡಿ. ಬಣ್ಣ ಕೆರೆಯುವಾಗ ಮಾಸ್ಕ್ ಹಾಕಿಕೊಳ್ಳಿ, ಒಣದಾಗಿ ಉಜ್ಜಬೇಡಿ, ಒದ್ದೆ ಮಾಡಿ ಉಜ್ಜಿ: ಹಳೇ ಬಣ್ಣದಲ್ಲಿ ಸೀಸ ಇರುತ್ತದೆ.

ಕೀ ಕೈಯಲ್ಲಿದೆ, ತೂತೇ ಕಾಣುತ್ತಿಲ್ಲ

ನಮ್ಮ ದೇಶದಲ್ಲೇ ತಯಾರಾದ ಹಲವು ತಿಜೋರಿಗಳಲ್ಲಿ ಕೀ ತೂತನ್ನು ಬೇಕೆಂದೇ ಮುಚ್ಚಿಟ್ಟಿರುತ್ತಾರೆ. ಬಾಗಿಲ ಮೇಲೆ ಸಾಲಾಗಿ ಕಾಣುವ ಗುಂಡು ಮೊಳೆಗಳಲ್ಲಿ ಒಂದು ಪಕ್ಕಕ್ಕೆ ಸರಿಯುತ್ತದೆ, ಹಿತ್ತಾಳೆಯ ಹೂವೊಂದು ತಿರುಗುತ್ತದೆ, ಅಥವಾ ಹೆಸರಿನ ಫಲಕವೇ ಸರಿದುಕೊಳ್ಳುತ್ತದೆ. ಪ್ರತಿ ಮೊಳೆಯನ್ನೂ ಹೆಬ್ಬೆರಳಿನಿಂದ ಒತ್ತಿ ನಾಲ್ಕೂ ದಿಕ್ಕಿಗೆ ಸರಿಸಿ ನೋಡಿ. ಆಯುಧಪೂಜೆ ಬಂದಾಗಲೆಲ್ಲ ಎನಾಮಲ್ ಬಣ್ಣ ಬಳಿದ ತಿಜೋರಿಯಲ್ಲಿ ಆ ಮೊಳೆ ಬಣ್ಣದಲ್ಲೇ ಅಂಟಿಕೊಂಡಿರುತ್ತದೆ. ಮೊಳೆಯ ಸುತ್ತ ಬ್ಲೇಡಿನಿಂದ ಒಂದು ಗೆರೆ ಎಳೆದರೆ ಬಿಡುತ್ತದೆ, ಸುತ್ತಿಗೆಯ ಅಗತ್ಯವಿಲ್ಲ.

ಎರಡು ಮೂರು ತೂತುಗಳಿದ್ದರೆ ಕ್ರಮ ಮುಖ್ಯ. ಒಂದು ಕೀಯನ್ನು ಅರ್ಧ ತಿರುಗಿಸಿ ಹಾಗೇ ಹಿಡಿದಿಟ್ಟರೆ ಮಾತ್ರ ಇನ್ನೊಂದು ತಿರುಗುವ ಬಗೆಯೂ ಉಂಟು. ಬೀಗ ಕೆಟ್ಟಿದೆ ಎನ್ನುವ ಮುಂಚೆ ಎಲ್ಲ ಕ್ರಮಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಒಂದೊಂದಾಗಿ ಪ್ರಯತ್ನಿಸಿ.

ಕೀ ಪೂರ್ತಿ ಒಳಗೆ ಹೋಗುತ್ತಿಲ್ಲ

ಟಾರ್ಚ್ ಹಾಕಿ ತೂತಿನೊಳಗೆ ನೋಡಿ. ನಮ್ಮ ಊರಿನ ತಿಜೋರಿಗಳಲ್ಲಿ ಮೊದಲು ಸಿಗುವುದು ಅರಿಶಿನ, ಕುಂಕುಮ, ಗಂಧ. ಪ್ರತಿ ಶುಕ್ರವಾರ ಬೀಗಕ್ಕೇ ಪೂಜೆ ಮಾಡಿದ ಮನೆಗಳಲ್ಲಿ ಐವತ್ತು ವರ್ಷದ ಕುಂಕುಮ ಎಣ್ಣೆ ಸೇರಿ ಗಟ್ಟಿಯಾಗಿ ಕೂತಿರುತ್ತದೆ. ಮರದ ಟೂತ್‌ಪಿಕ್ ಮತ್ತು ಒಣ ಬ್ರಷ್‌ನಿಂದ ಕೆರೆದು ಹೊರಗೆಳೆಯಿರಿ. ಗಾಳಿ ಊದಬೇಡಿ, ಕೊಳೆ ಲಿವರ್‌ಗಳ ನಡುವೆ ಹೋಗಿ ಸೇರುತ್ತದೆ. ವ್ಯಾಕ್ಯೂಮ್ ಇದ್ದರೆ ಹೀರಿಸಿ.

ಆಮೇಲೆ ಕೀಯನ್ನೇ ನೋಡಿ. ಕೀಯ ತುದಿ ಕೊಳವೆಯಂತೆ ಟೊಳ್ಳಾಗಿದ್ದರೆ ಬೀಗದೊಳಗೆ ಅದಕ್ಕೊಂದು ಕಡ್ಡಿ ಇರುತ್ತದೆ. ಕೊಳವೆಯೊಳಗೆ ಕೊಳೆ ತುಂಬಿದರೆ ಕಡ್ಡಿ ಒಳಹೋಗದು, ಕೀ ಎರಡು ಮೂರು ಮಿಲಿಮೀಟರ್ ಹೊರಗೇ ನಿಲ್ಲುತ್ತದೆ. ಸೂಜಿಯಿಂದ ಕೆರೆದು ತೆಗೆಯಿರಿ. ಎರಡನೆಯ ಕೀ ಇದ್ದರೆ ಎರಡನ್ನೂ ಒಂದೊಂದಾಗಿ ಹಾಕಿ, ಬಾಗಿಲಿನ ಮಟ್ಟಕ್ಕೆ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಗೆರೆಗಳು ಬೇರೆ ಬೇರೆ ಕಡೆ ಬಿದ್ದರೆ ತೊಂದರೆ ಕೀಯಲ್ಲಿದೆ. ಒಂದೇ ಕಡೆ ಬಿದ್ದು ಎರಡೂ ಒಳಹೋಗದಿದ್ದರೆ ತೂತಿನಲ್ಲಿ ಏನೋ ಸಿಕ್ಕಿದೆ, ಬಹುಶಃ ಮುರಿದ ಕೀಯ ತುಂಡು. ತೆಳು ಚಿಮ್ಮಟದಿಂದ ಒಂದೆರಡು ಸಲ ಪ್ರಯತ್ನಿಸಿ. ಬಾರದಿದ್ದರೆ ಬೀಗದವರಿಗೆ ಬಿಡಿ. ಆಯಸ್ಕಾಂತ ಉಕ್ಕಿನ ತುಂಡಿಗೆ ಮಾತ್ರ ಕೆಲಸಕ್ಕೆ ಬರುತ್ತದೆ, ಹಿತ್ತಾಳೆಗೆ ಅಲ್ಲ.

ಕೀ ಒಳಗೆ ಹೋಗುತ್ತದೆ, ತಿರುಗುವುದೇ ಇಲ್ಲ

ಕಾಸು ಖರ್ಚಿಲ್ಲದ ಪರೀಕ್ಷೆ ಮೊದಲು. ಹ್ಯಾಂಡಲನ್ನು ಮುಚ್ಚುವ ದಿಕ್ಕಿಗೆ ಗಟ್ಟಿಯಾಗಿ ಒತ್ತಿಹಿಡಿದು, ಇನ್ನೊಬ್ಬರಿಗೆ ಮೊಣಕಾಲಿನಿಂದ ಬಾಗಿಲನ್ನು ಒಳಕ್ಕೆ ತಳ್ಳಲು ಹೇಳಿ, ಕೀ ತಿರುಗಿಸಿ. ಅಗುಳಿಗಳ ಭಾರ ನಾಲಿಗೆಯ ಮೇಲೆ ಬಿದ್ದಿದ್ದರೆ ಎಂಥ ಒಳ್ಳೆಯ ಕೀಯೂ ತಿರುಗದು. ಭಾರ ಇಳಿದ ಕೂಡಲೇ ತಿರುಗುತ್ತದೆ. ಹೀಗೆ ತೆರೆಯಿತು ಎಂದರೆ ಬೀಗ ಸರಿಯಿದೆ, ಬಾಗಿಲು ಅಥವಾ ಅಗುಳಿ ಸರಿಯಿಲ್ಲ.

ತಿಜೋರಿಯ ಜಾಗ ಬದಲಿಸಿದ ಮೇಲೆ ಶುರುವಾದ ತೊಂದರೆಯಾಗಿದ್ದರೆ ನೆಲವನ್ನು ನೋಡಿ. ಒಂದು ಮೂಲೆ ತಗ್ಗಿದ್ದರೆ ಪೆಟ್ಟಿಗೆಯೇ ಸಣ್ಣಗೆ ತಿರುಚಿಕೊಂಡು ಬಾಗಿಲು ಚೌಕಟ್ಟಿಗೆ ಕಚ್ಚುತ್ತದೆ. ಮೇಲೆ ರಸಮಟ್ಟ ಇಟ್ಟು ಎರಡೂ ದಿಕ್ಕಿಗೆ ನೋಡಿ. ಬಾಗಿಲ ಸುತ್ತಲ ಸಂದಿಯಲ್ಲಿ ಒಂದು ಪೋಸ್ಟ್‌ಕಾರ್ಡ್ ಓಡಿಸಿ, ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಬಾಗಿಲು ಕೂತಿದೆ. ತಗ್ಗಿದ ಮೂಲೆಯನ್ನು ಹಾರೆಯಿಂದ ಮೀಟಿ ಕಬ್ಬಿಣದ ಪಟ್ಟಿ ಅಥವಾ ಶಹಾಬಾದ್ ಕಲ್ಲಿನ ಚೂರು ಕೊಡಿ. ಬೆರಳು ಎಂದಿಗೂ ತಿಜೋರಿಯ ಅಡಿಗೆ ಹೋಗಬಾರದು. ಮರದ ತೊಲೆಗಳ ಮೇಲೆ ಇಟ್ಟಿಗೆ ಹಾಸಿದ ಮದ್ರಾಸ್ ತಾರಸಿಯ ಹಳೇ ಮನೆಯಾದರೆ ಮಹಡಿಯ ಮೇಲೆ ತಿಜೋರಿ ಇಡುವುದೇ ಬೇಡ.

ಇನ್ನೊಂದು ಕಾರಣ ಇಂಗ್ಲೆಂಡಿನ ಚಬ್ ಬೀಗಗಳಲ್ಲಿ ಸಿಗುತ್ತದೆ. ಜೆರೆಮಯ್ಯ ಚಬ್ 1818ರಲ್ಲಿ ಪೇಟೆಂಟ್ ಪಡೆದ ಡಿಟೆಕ್ಟರ್ ಬೀಗದಲ್ಲಿ, ತಪ್ಪು ಕೀ ಹಾಕಿ ಯಾವುದಾದರೂ ಲಿವರನ್ನು ಅತಿಯಾಗಿ ಎತ್ತಿದರೆ ಒಂದು ಕೊಕ್ಕೆ ಅದನ್ನು ಮೇಲೆಯೇ ಹಿಡಿದುಬಿಡುತ್ತದೆ. ಆಮೇಲೆ ಸರಿಯಾದ ಕೀ ಹಾಕಿದರೂ ತೆರೆಯದು. ಯಾರೋ ಕೈಯಾಡಿಸಿದ್ದಾರೆ ಎಂದು ಯಜಮಾನನಿಗೆ ತಿಳಿಯಲೆಂದೇ ಮಾಡಿದ ವ್ಯವಸ್ಥೆ ಇದು. ತೀರಾ ಮೊದಲಿನ ಮಾದರಿಗೆ ಇದನ್ನು ಬಿಡಿಸಲು ಬೇರೆಯೇ ಒಂದು ಕೀ ಬೇಕಿತ್ತು, ಆಮೇಲಿನ ಬೀಗಗಳಲ್ಲಿ ಬಿಡಿಸುವುದು ಸುಲಭ: ಸರಿಯಾದ ಕೀಯನ್ನು ಮೊದಲು ಬೀಗ ಹಾಕುವ ದಿಕ್ಕಿಗೆ ನಿಧಾನವಾಗಿ ತಿರುಗಿಸಿ. ಕೊಕ್ಕೆ ಬಿಟ್ಟ ಸದ್ದು ಕೇಳುತ್ತದೆ ಅಥವಾ ಬೆರಳಿಗೆ ತಿಳಿಯುತ್ತದೆ. ಆಮೇಲೆ ತೆರೆಯುವ ದಿಕ್ಕಿಗೆ ತಿರುಗಿಸಿ. ಗೊಂಚಲಿನ ಹತ್ತು ಕೀಗಳನ್ನು ಒಂದಾದ ಮೇಲೊಂದು ಹಾಕಿ ನೋಡಿದ ಮೇಲೆ ಬೀಗ ‘ಸತ್ತುಹೋಯಿತು’ ಎಂದರೆ ಮೊದಲು ಇದನ್ನೇ ಮಾಡಿ.

ಕೀಗೆ ಸ್ಪ್ಯಾನರ್ ಹಾಕಿ ತಿರುಗಿಸುವುದು ಯಾವ ಕಾರಣಕ್ಕೂ ಬೇಡ. ಬೆರಳಿನ ಬಲಕ್ಕೆ ತಿರುಗದ ಕೀ ಸ್ಪ್ಯಾನರ್ ಬಲಕ್ಕೆ ಮುರಿಯುತ್ತದೆ. ಮುರಿದ ಕೀ ಇರುವ ತಿಜೋರಿ ತೆರೆಯಲು ಆಗುವ ಖರ್ಚು ಕೀ ಇಲ್ಲದ ತಿಜೋರಿಗಿಂತ ಹೆಚ್ಚು.

ಬೆಳಿಗ್ಗೆ ಬಿಗಿ, ಮಧ್ಯಾಹ್ನ ಸಲೀಸು

ಇದು ಕೊಬ್ಬರಿ ಎಣ್ಣೆಯ ಲಕ್ಷಣ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಬೆಂಗಳೂರಿನ ಡಿಸೆಂಬರ್, ಜನವರಿ ಬೆಳಗುಗಳು 15 ಡಿಗ್ರಿಯ ಆಸುಪಾಸಿನವು. ಲಿವರ್‌ಗಳು ಒಂದಕ್ಕೊಂದು ಮೇಣದ ಹಾಗೆ ಅಂಟಿಕೊಂಡು, ಒಂದನ್ನು ಎತ್ತಿದರೆ ಪಕ್ಕದ್ದೂ ಜೊತೆಗೇ ಏಳುತ್ತದೆ. ಬಿಸಿಲೇರಿದ ಮೇಲೆ ಎಣ್ಣೆ ಕರಗಿ ಬೀಗ ಮತ್ತೆ ಒಪ್ಪಿಕೊಳ್ಳುತ್ತದೆ. ಮನೆಯವರು ಇದನ್ನು ಬೀಗದ ‘ಗುಣ’ ಎಂದು ಅಂದುಕೊಂಡು ವರ್ಷಗಟ್ಟಲೆ ಹೊಂದಿಕೊಂಡಿರುತ್ತಾರೆ. ಹೊಲಿಗೆ ಯಂತ್ರದ ಎಣ್ಣೆ ಹೆಪ್ಪುಗಟ್ಟದಿದ್ದರೂ ಧೂಳು ಹಿಡಿದು ಕಾಲಕ್ರಮೇಣ ಅಂಟಾಗುತ್ತದೆ. ಎಣ್ಣೆಯ ಮೇಲೆ ಗ್ರಾಫೈಟ್ ಪುಡಿ ಉದುರಿಸಿದರೆ ಕಪ್ಪು ಲೇಪವಾಗಿ ಇನ್ನೂ ಕೆಡುತ್ತದೆ.

ಸದ್ಯಕ್ಕೆ ತೆರೆಯಬೇಕಾದರೆ ಹೇರ್ ಡ್ರೈಯರ್‌ನಿಂದ ಕೀ ತೂತಿನ ಸುತ್ತ ಹತ್ತು ನಿಮಿಷ ಬೆಚ್ಚಗೆ ಮಾಡಿ. ಕೈ ಇಡಲಾಗದಷ್ಟು ಬಿಸಿ ಬೇಡ. ಶಾಶ್ವತ ಪರಿಹಾರಕ್ಕೆ ಬೀಗ ಬಿಚ್ಚಿ ತೊಳೆಯಬೇಕು. ಟರ್ಪೆಂಟೈನ್‌ನಲ್ಲಿ ಅದ್ದಿ ಬ್ರಷ್ ಮಾಡಿ, ಕೊನೆಗೆ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ ಅಂಗಡಿಗಳಲ್ಲಿ ಸರ್ಕ್ಯೂಟ್ ಬೋರ್ಡ್ ತೊಳೆಯಲು ಮಾರುವ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಜಾಲಾಡಿ ಒಣಗಿಸಿ. ಎರಡಕ್ಕೂ ಬೆಂಕಿ ಬೇಗ ಹತ್ತುತ್ತದೆ, ಕಿಟಕಿ ತೆರೆದಿಟ್ಟು ಕೆಲಸ ಮಾಡಿ, ಹತ್ತಿರದಲ್ಲಿ ದೀಪ ಊದುಬತ್ತಿ ಇರಬಾರದು. ಆಲ್ಕೋಹಾಲ್ ಬಾಗಿಲ ಮುಖಕ್ಕೆ ತಾಗಿದರೆ ಅರಗಿನ ಪಾಲಿಶ್ ಕರಗುತ್ತದೆ. ಲಿವರ್‌ಗಳ ಮುಖ ಒಣಗಿಯೇ ಇರಲಿ. ನಾಲಿಗೆ ಜಾರುವ ಜಾಗಕ್ಕೆ ಮಾತ್ರ ಬೆಂಕಿಕಡ್ಡಿ ತುದಿಯಷ್ಟು ಲಿಥಿಯಂ ಗ್ರೀಸ್ ಸಾಕು.

ಒಮ್ಮೆ ತೆರೆಯುತ್ತದೆ, ಮೂರು ಸಲ ತೆರೆಯುವುದಿಲ್ಲ

ಎರಡೇ ಕಾರಣ: ಕೀ ಸವೆದಿದೆ ಅಥವಾ ಒಂದು ಲಿವರಿನ ಸ್ಪ್ರಿಂಗ್ ಹೋಗಿದೆ. ಬಿಚ್ಚದೆಯೇ ಎರಡನ್ನೂ ಬೇರ್ಪಡಿಸಬಹುದು. ಕೀಯನ್ನು ಸ್ವಲ್ಪ ಮೇಲಕ್ಕೆ ಒತ್ತಿ ತಿರುಗಿಸಿದರೆ ಅಥವಾ ಒಂದು ಮಿಲಿಮೀಟರ್ ಹೊರಕ್ಕೆಳೆದು ತಿರುಗಿಸಿದರೆ ತೆರೆಯುತ್ತಿದೆಯೇ? ಹಾಗಾದರೆ ಕೀ. ಹಾಗೇನೂ ಇಲ್ಲ, ಆದರೆ ಬಾಗಿಲನ್ನು ಅಂಗೈಯಿಂದ ಒಮ್ಮೆ ಬಡಿದರೆ ತೆರೆಯುತ್ತಿದೆಯೇ? ಸ್ಪ್ರಿಂಗ್ ಮುರಿದು ಲಿವರ್ ಮೇಲೆಯೇ ನಿಂತಿದೆ, ಬಡಿತಕ್ಕೆ ಕೆಳಗೆ ಬೀಳುತ್ತಿದೆ.

ಕೀ ಸವೆದಿದ್ದರೆ ಆ ಸವೆದ ಕೀಯಿಂದಲೇ ಡೂಪ್ಲಿಕೇಟ್ ಮಾಡಿಸುವುದು ಎಲ್ಲರೂ ಮಾಡುವ ತಪ್ಪು. ನಕಲಿನಲ್ಲಿ ಸವಕಳಿಯೂ ನಕಲಾಗುತ್ತದೆ, ಅರದ ತಪ್ಪೂ ಸೇರುತ್ತದೆ. ವರ್ನಿಯರ್ ಕ್ಯಾಲಿಪರ್‌ನಿಂದ ಎರಡು ಕೀಗಳ ಪ್ರತಿ ಮೆಟ್ಟಿಲನ್ನೂ ಅಳೆದರೆ 0.2 ಅಥವಾ 0.3 ಮಿ.ಮೀ. ವ್ಯತ್ಯಾಸ ಸಿಗಬಹುದು, ಬೀಗ ನಿರಾಕರಿಸಲು ಅಷ್ಟು ಸಾಕು. ಬೀಗವನ್ನೇ ಬಿಚ್ಚಿ ಕೊಂಡೊಯ್ದು, ಲಿವರ್ ನೋಡಿ ಕೀ ಕಡೆಯುವವರಿಗೆ ಕೊಡಿ. ರಸ್ತೆ ಬದಿಯಲ್ಲಿ ಛತ್ರಿಯಡಿ ಕೂರುವ ಕೀ ಮೇಕರ್‌ಗಳಲ್ಲೂ ಈ ಕೆಲಸ ಬಲ್ಲವರಿದ್ದಾರೆ. ಕೇಳಬೇಕಾದ ಪ್ರಶ್ನೆ ಒಂದೇ: “ಕೀ ನೋಡಿ ಮಾಡ್ತೀರೋ, ಲಿವರ್ ನೋಡಿ ಮಾಡ್ತೀರೋ?”

ಸ್ಪ್ರಿಂಗ್ ಮುರಿದಿದ್ದರೆ ಬೀಗದ ಮುಚ್ಚಳ ಬಿಚ್ಚುವಾಗಲೇ ಎಚ್ಚರ. ಪ್ರತಿ ಲಿವರ್ ತೆಗೆದಂತೆ ಒಂದು ದಾರಕ್ಕೆ ಅದೇ ಕ್ರಮದಲ್ಲಿ, ಅದೇ ಮುಖ ಮೇಲಾಗಿ ಪೋಣಿಸಿ. ಕ್ರಮ ತಪ್ಪಿದರೆ ನಿಮ್ಮ ಕೀ ಆ ಬೀಗಕ್ಕೆ ಪರಕೀಯ. ಮುರಿದ ಸ್ಪ್ರಿಂಗಿನ ಅಗಲ, ದಪ್ಪ ಅಳೆದು ಗಡಿಯಾರ ರಿಪೇರಿಯವರ ಬಳಿ ಅದೇ ದಪ್ಪದ ಹಳೇ ಗೋಡೆ ಗಡಿಯಾರದ ಸ್ಪ್ರಿಂಗ್ ಪಟ್ಟಿ ಕೇಳಿ. ದಪ್ಪ ಹೆಚ್ಚಾದರೆ ಆ ಲಿವರ್ ಬಿಗಿಯಾಗಿ ಕೀಯ ಆ ಒಂದು ಮೆಟ್ಟಿಲು ಬೇಗ ಸವೆಯುತ್ತದೆ. ಇಂಥ ಬೀಗವನ್ನು ಬದಲಿಸಬೇಡಿ. ಒಂದಂಗುಲ ಸ್ಪ್ರಿಂಗ್ ಪಟ್ಟಿಗೆ ನೂರು ವರ್ಷದ ಬೀಗವನ್ನು ಎಸೆಯುವುದು ದೊಡ್ಡ ನಷ್ಟ.

ಕೀ ಸುಮ್ಮನೆ ಸುತ್ತುತ್ತದೆ, ಏನೂ ಆಗುವುದಿಲ್ಲ

ಕೀಯ ಹಲ್ಲು ಪೂರ್ತಿ ಇದೆಯೇ ನೋಡಿ. ನಾಲಿಗೆಯನ್ನು ತಳ್ಳುವ ಹಲ್ಲು ಮುರಿದಿದ್ದರೆ ಉಳಿದವು ಲಿವರ್ ಎತ್ತಿ ಸುಮ್ಮನಾಗುತ್ತವೆ. ಕೀ ಸರಿಯಿದ್ದರೆ ಬೀಗದ ಪೆಟ್ಟಿಗೆ ಸ್ಕ್ರೂಗಳಿಂದ ಸಡಿಲಾಗಿ ಬಾಗಿಲಿನಿಂದ ಹಿಂದಕ್ಕೆ ಸರಿದಿರಬಹುದು. ಕೀಯನ್ನು ಒಳಕ್ಕೆ ತಳ್ಳಿದಾಗ ಏನೋ ಹಿಂದೆ ಸರಿದಂತೆ ಅನಿಸುತ್ತದೆ. ಹಿಂದಿನ ತಗಡು ಬಿಚ್ಚಿ ಸ್ಕ್ರೂ ಬಿಗಿದರೆ ಮುಗಿಯಿತು. ಇವೆರಡೂ ಅಲ್ಲ, ನಾಲಿಗೆಯಲ್ಲಿ ಕೀ ಕಚ್ಚುವ ಜಾಗವೇ ಸವೆದು ಗುಂಡಗಾಗಿದೆ ಎಂದಾದರೆ ಅದು ನಿಜವಾದ ಬೀಗದ ಸಾವು. ಅಲ್ಲಿಗೂ ಒಬ್ಬ ಒಳ್ಳೆಯ ಫಿಟ್ಟರ್ ಹಿತ್ತಾಳೆ ಬೆಸುಗೆ ತುಂಬಿ ಅರ ಹಾಕಿ ಉಳಿಸಬಲ್ಲ.

ಕೀ ತಿರುಗಿತು, ಹ್ಯಾಂಡಲ್ ಕದಲುವುದಿಲ್ಲ

ಬೀಗ ತನ್ನ ಕೆಲಸ ಮುಗಿಸಿದೆ. ಬಾಗಿಲನ್ನು ಒಳಕ್ಕೂ ಮೇಲಕ್ಕೂ ಒತ್ತುತ್ತಾ ಹ್ಯಾಂಡಲ್ ತಿರುಗಿಸಿ. ತಳದ ಅಗುಳಿ ಜಗ್ಗಿದ ಬಾಗಿಲಿನ ಭಾರಕ್ಕೆ ಸಿಕ್ಕಿಕೊಂಡಿರುತ್ತದೆ. ಹ್ಯಾಂಡಲ್ ಮಾತ್ರ ಲೊಡಲೊಡ ತಿರುಗಿ ಅಗುಳಿ ಸದ್ದೇ ಇಲ್ಲದಿದ್ದರೆ ಅದರ ಚೌಕದಂಡ ಸವೆದಿದೆ ಅಥವಾ ಅಡ್ಡಪಿನ್ ಕಳಚಿದೆ. ಇಲ್ಲಿ ಬೀಗ ಬದಲಿಸಿದರೆ ದುಡ್ಡು ದಂಡ. ಇದಕ್ಕೆ ಪಿನ್ ಬೇಕು, ಬೀಗ ಬೇಡ.

ಕೀ ಹೊರಗೆ ಬರುತ್ತಿಲ್ಲ ಎಂಬ ದೂರೂ ಇದೇ ಜಾತಿಯದು. ನಾಲಿಗೆ ಪೂರ್ತಿ ಚಾಚದೆ ಅರ್ಧದಲ್ಲಿ ನಿಂತರೆ ಬೀಗ ಕೀಯನ್ನು ಬಿಡುವುದಿಲ್ಲ. ಎಳೆಯಬೇಡಿ. ಹ್ಯಾಂಡಲನ್ನು ಕೊನೆಯವರೆಗೆ ಒತ್ತಿ, ಕೀಯನ್ನು ಆ ದಿಕ್ಕಿಗೆ ಪೂರ್ತಿ ತಿರುಗಿಸಿ, ಆಮೇಲೆ ತೆಗೆಯಿರಿ.

ನಂಬರ್ ಡಯಲ್ ಇರುವ ಹಳೇ ತಿಜೋರಿ ನಮ್ಮಲ್ಲಿ ಕಡಿಮೆ. ಮೂರು ಸಂಖ್ಯೆಯ ಬೀಗಕ್ಕೆ ಸಾಮಾನ್ಯ ಕ್ರಮ: ಎಡಕ್ಕೆ ತಿರುಗಿಸುತ್ತಾ ನಾಲ್ಕನೆಯ ಸಲ ಮೊದಲ ಸಂಖ್ಯೆ ಬಂದಾಗ ನಿಲ್ಲಿಸಿ, ಬಲಕ್ಕೆ ಮೂರನೆಯ ಸಲಕ್ಕೆ ಎರಡನೆಯದು, ಎಡಕ್ಕೆ ಎರಡನೆಯ ಸಲಕ್ಕೆ ಮೂರನೆಯದು, ಆಮೇಲೆ ಬಲಕ್ಕೆ ನಿಲ್ಲುವವರೆಗೆ. ತೆರೆಯದಿದ್ದರೆ ಎಲ್ಲ ಸಂಖ್ಯೆಗೂ ಒಂದು ಕೂಡಿಸಿ, ಆಮೇಲೆ ಒಂದು ಕಳೆದು ನೋಡಿ. ಸವೆದ ಡಯಲ್ ಒಂದೆರಡು ಗೆರೆ ಆಚೀಚೆ ಆಗಿರುತ್ತದೆ. ಇದಕ್ಕಿಂತ ಮುಂದೆ ಅದರ ಕೆಲಸ ಗೊತ್ತಿದ್ದವರೇ ಬೇಕು.

ಬದಲಿಸಲೇಬೇಕು ಎಂದಾದಾಗ

ಬೀಗವೇ ಇಲ್ಲ, ಹಿಂದೆ ಯಾರೋ ಡ್ರಿಲ್ ಮಾಡಿ ಒಳಭಾಗ ಒಡೆದಿದ್ದಾರೆ, ಲಿವರ್‌ಗಳು ತುಕ್ಕಿನಿಂದ ತೂತಾಗಿವೆ: ಇವು ಬದಲಾವಣೆಗೆ ನ್ಯಾಯವಾದ ಕಾರಣಗಳು. ಅಂಗಡಿಗೆ ಹೋಗುವ ಮುಂಚೆ ಬಾಗಿಲ ಹಿಂದಿನ ತಗಡು ಬಿಚ್ಚಬೇಕು. ಸ್ಕ್ರೂಗೆ ತುಕ್ಕೆಣ್ಣೆ ಹಾಕಿ ಒಂದು ದಿನ ಬಿಡಿ, ಸೀಳಿಗೆ ಪೂರ್ತಿ ಹೊಂದುವ ಅಗಲದ ಸ್ಕ್ರೂಡ್ರೈವರ್ ಬಳಸಿ. ತಗಡು ಸರಿಸಿದಾಗ ಬೆಂಕಿ ತಡೆಯಲು ತುಂಬಿದ ಪುಡಿ ಉದುರಬಹುದು. ಹಳೇ ತಿಜೋರಿಗಳಲ್ಲಿ ಮರದ ಹೊಟ್ಟು, ಪಟಿಕ, ಸುಣ್ಣದಂಥ ಪುಡಿ ಇರುತ್ತದೆ. ಬೂದು ಬಣ್ಣದ ನಾರುನಾರಾದ ಹತ್ತಿಯಂಥದ್ದು ಕಂಡರೆ ಅಲ್ಲೇ ನಿಲ್ಲಿಸಿ. ಅದು ಕಲ್ನಾರು ಆಗಿರಬಹುದು, ಉಸಿರಿಗೆ ಹೋದರೆ ಶ್ವಾಸಕೋಶಕ್ಕೆ ಮಾರಕ. ನೀರು ಚಿಮುಕಿಸಿ ಮುಚ್ಚಿ, ಗುಡಿಸಬೇಡಿ.

ಬೀಗದ ಮೇಲೆ ಕೊರೆದ ಅಕ್ಷರ, ಕ್ರಮಸಂಖ್ಯೆಗಳ ಫೋಟೊ ತೆಗೆಯಿರಿ. ಚಬ್ ಬೀಗದ ಮೇಲೆ ಲಂಡನ್ನಿನ ಕ್ವೀನ್ ವಿಕ್ಟೋರಿಯಾ ಸ್ಟ್ರೀಟ್ ವಿಳಾಸ ಇದ್ದರೆ ಅದು 1871ಕ್ಕಿಂತ ಹಳೆಯದಾಗಿರಲಾರದು, ಆ ರಸ್ತೆಯೇ ಪೂರ್ಣಗೊಂಡದ್ದು ಆ ವರ್ಷ. ಗೋದ್ರೆಜ್ 1897ರಲ್ಲಿ ಬೀಗದ ಕಂಪನಿಯಾಗಿಯೇ ಆರಂಭವಾದದ್ದು, ತಿಜೋರಿ ಬಂದದ್ದು ಆಮೇಲೆ. ಫಲಕದಲ್ಲಿ ಒಂದು ಹೆಸರು, ಬೀಗದಲ್ಲಿ ಇನ್ನೊಂದು ಹೆಸರು ಇದ್ದರೆ ಹಿಂದೆಯೇ ಒಮ್ಮೆ ಬೀಗ ಬದಲಾಗಿದೆ. ಆಗ ಫಲಕ ನೋಡಿ ‘ಒರಿಜಿನಲ್’ ಹುಡುಕುತ್ತಾ ಅಲೆದರೆ ಸಿಕ್ಕ ಬೀಗ ಹೊಂದದೇ ಹೋಗಬಹುದು.

ಬರೆದುಕೊಳ್ಳಬೇಕಾದ ಅಳತೆಗಳು ಇವು, ಎಲ್ಲವೂ ಮಿಲಿಮೀಟರ್‌ನಲ್ಲಿ:

- ಬೀಗದ ಪೆಟ್ಟಿಗೆಯ ಉದ್ದ, ಅಗಲ, ದಪ್ಪ. ಹಿಂದಿನ ತಗಡಿಗೂ ಬಾಗಿಲಿಗೂ ನಡುವೆ ಸಿಗುವ ಜಾಗ
- ಸ್ಕ್ರೂ ತೂತುಗಳ ನಡುಬಿಂದುವಿನಿಂದ ನಡುಬಿಂದುವಿಗೆ ದೂರ, ಎರಡೂ ದಿಕ್ಕಿಗೆ
- ಕೀ ತಿರುಗುವ ಕೇಂದ್ರದಿಂದ ನಾಲಿಗೆ ಹೊರಬರುವ ಅಂಚಿಗೆ ದೂರ
- ಕೀ ತೂತು ನಿಂತಿದೆಯೋ ಮಲಗಿದೆಯೋ. ನಾಲಿಗೆ ಎಡಕ್ಕೋ ಬಲಕ್ಕೋ ಮೇಲಕ್ಕೋ ಕೆಳಕ್ಕೋ
- ನಾಲಿಗೆಯ ಅಗಲ, ದಪ್ಪ. ಪೂರ್ತಿ ಚಾಚಿದಾಗ ಎಷ್ಟು, ಪೂರ್ತಿ ಒಳಹೋದಾಗ ಎಷ್ಟು
- ಬಾಗಿಲ ಹೊರಮುಖದಿಂದ ಬೀಗದ ಮುಖಕ್ಕೆ ಆಳ

ಐದನೆಯದು ಎಲ್ಲಕ್ಕಿಂತ ಮುಖ್ಯ. ಚಾಚಿದ್ದರಲ್ಲಿ ಒಳಹೋದದ್ದನ್ನು ಕಳೆದರೆ ನಾಲಿಗೆಯ ಓಟ ಸಿಗುತ್ತದೆ. ಹಳೇ ಬೀಗದ ಓಟ 18 ಮಿ.ಮೀ. ಇದ್ದು ಹೊಸದರದ್ದು 10 ಇದ್ದರೆ, ತೆರೆದಾಗಲೂ ನಾಲಿಗೆ ಅಗುಳಿಯ ದಾರಿಯಲ್ಲೇ ಇರುತ್ತದೆ, ಅಥವಾ ಮುಚ್ಚಿದಾಗ ಅಗುಳಿಯನ್ನು ತಲುಪುವುದೇ ಇಲ್ಲ.

ಅದಕ್ಕೂ ಮೊದಲು ತಿಳಿಯಬೇಕಾದ ಒಂದು ಸಂಗತಿಯಿದೆ, ಹೆಚ್ಚಿನವರು ಎಡವುವುದು ಇಲ್ಲೇ. ನಿಮ್ಮ ತಿಜೋರಿಯಲ್ಲಿ ಅಗುಳಿಗಳನ್ನು ಎಳೆಯುವುದು ಹ್ಯಾಂಡಲೋ ಕೀಯೋ? ಹ್ಯಾಂಡಲ್ ಎಳೆದು ಬೀಗ ಬರೀ ಅಡ್ಡ ನಿಲ್ಲುವ ಬಗೆಯಾದರೆ ಇಂದಿನ ತಿಜೋರಿ ಬೀಗ ಹಾಕಬಹುದು. ಕೀಯೇ ಎಲ್ಲ ಅಗುಳಿಗಳನ್ನೂ ಎಳೆಯುವ ಬಗೆಯಾದರೆ ಹಾಕಲೇಬೇಡಿ. ಇಂದಿನ ಬೀಗದ ನಾಲಿಗೆ ಅಡ್ಡ ನಿಲ್ಲಲು ಮಾಡಿದ್ದು, ಭಾರ ಹೊರಲು ಮಾಡಿದ್ದಲ್ಲ. ಕೆಲವು ತಿಂಗಳಲ್ಲಿ ಮುರಿದು, ಬಾಗಿಲು ಮುಚ್ಚಿದ ಸ್ಥಿತಿಯಲ್ಲೇ ನಿಮ್ಮನ್ನು ಹೊರಗಿಡುತ್ತದೆ. ಅಂಥ ತಿಜೋರಿಗೆ ಅದೇ ಕಾಲದ, ಅದೇ ಬಗೆಯ ಬೀಗವೇ ಬೇಕು, ಅಥವಾ ಇದ್ದ ಬೀಗಕ್ಕೆ ಹೊಸ ಲಿವರ್‌ಗಳನ್ನು ಕಡೆಸಬೇಕು.

ಹಳೇ ಬೀಗ ಹುಡುಕುವವರು ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿಗೆ ಬೆಳಿಗ್ಗೆ ಬೇಗ ಹೋಗುವುದು ಒಳ್ಳೆಯದು. ಕ್ಯಾಲಿಪರ್ ಮತ್ತು ಹಳೇ ಬೀಗದ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿದ ಮಾದರಿ ಜೊತೆಗಿರಲಿ. ತೂತು, ನಾಲಿಗೆ, ಕೀ ಕೇಂದ್ರ ಎಲ್ಲ ಅದರಲ್ಲೇ ಗುರುತಿಸಿ. ಕೀ ಇಲ್ಲದ ಬೀಗವನ್ನೂ ಕೊಳ್ಳಬಹುದು, ಕೀ ಕಡೆಸಿಕೊಳ್ಳಲಾದೀತು. ಲಿವರ್ ಕಳೆದ ಬೀಗ ಬೇಡ.

ಹೊಸ ಬೀಗಕ್ಕೆ ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳು. ಇಂದಿನ ತಿಜೋರಿ ಬೀಗಗಳಲ್ಲಿ ಬಹಳಷ್ಟು ಒಂದೇ ಅಳತೆಗೆ ಬರುತ್ತವೆ: ಪೆಟ್ಟಿಗೆ ಸುಮಾರು 85 × 61 ಮಿ.ಮೀ., ಸ್ಕ್ರೂ ತೂತುಗಳ ಅಂತರ ಸುಮಾರು 66.7 × 41.3 ಮಿ.ಮೀ. ನಿಮ್ಮ ಹಳೇ ತೂತುಗಳು ಇದಕ್ಕೆ ಹೊಂದುವ ಸಾಧ್ಯತೆ ಕಡಿಮೆ. ಹಾಗಂತ ಬಾಗಿಲಿಗೆ ಹೊಸ ತೂತು ಕೊರೆಯಬೇಡಿ. 5 ಅಥವಾ 6 ಮಿ.ಮೀ. ಉಕ್ಕಿನ ತಗಡಿನಲ್ಲಿ ಒಂದು ನಡುತಗಡು ಮಾಡಿಸಿ: ಹಳೇ ತೂತುಗಳಿಗೆ ಹೊಂದುವ ತೂತುಗಳು ಒಂದು ಸಾಲು, ಹೊಸ ಬೀಗದ ಸ್ಕ್ರೂಗೆ ಮರೆ (ಸ್ಕ್ರೂ ಹಿಡಿಯುವ ಸುರುಳಿ ಗೀರು) ಹೊಡೆದ ತೂತುಗಳು ಇನ್ನೊಂದು ಸಾಲು. ಪೀಣ್ಯದಲ್ಲಿ ಲೇಸರ್ ಕಟಿಂಗ್ ಮಾಡುವ ಯಾವ ವರ್ಕ್‌ಶಾಪಿನಲ್ಲೂ ಆಗುವ ಕೆಲಸ. ಕೀ ಕೇಂದ್ರ ಹಳೇ ತೂತಿಗೆ ಸರಿಯಾಗಿ ಕೂರುವಂತೆ ಗೆರೆ ಹಾಕಿ, ಮೊದಲು ರಟ್ಟಿನಲ್ಲಿ ಕತ್ತರಿಸಿ ಕೂರಿಸಿ ನೋಡಿ, ಆಮೇಲೆ ಉಕ್ಕು.

ಹೊಸ ಬೀಗ ಕೂತಿತು, ಆದರೆ…

ಸ್ಕ್ರೂ ಎರಡು ಸುತ್ತು ಹೋಗಿ ನಿಲ್ಲುತ್ತಿದೆ. ಹಳೇ ಬ್ರಿಟಿಷ್ ತಿಜೋರಿಗಳ ತೂತುಗಳಲ್ಲಿ ವಿಟ್‌ವರ್ತ್ ಎಂಬ ಹಳೇ ಅಂಗುಲ ಅಳತೆಯ ಮರೆ ಇರುತ್ತದೆ. ಕಾಲು ಅಂಗುಲದ, ಅಂದರೆ ಅಂಗಡಿಯ ಮಾತಿನಲ್ಲಿ ಎರಡು ಸೂತಿನ ಸ್ಕ್ರೂಗೆ ಒಂದು ಅಂಗುಲದಲ್ಲಿ 20 ಸುತ್ತು. ನೀವು ಹಾಕುತ್ತಿರುವುದು 6 ಎಂ.ಎಂ. ಸ್ಕ್ರೂ ಆಗಿದ್ದರೆ ಅದರ ಸುತ್ತು 1 ಮಿ.ಮೀ.ಗೆ ಒಂದು, ಅಂಗುಲಕ್ಕೆ 25ಕ್ಕೂ ಹೆಚ್ಚು. ಬಲವಂತ ಮಾಡಿದರೆ ಬಾಗಿಲಿನ ಮರೆ ಹೋಗುತ್ತದೆ. ಎರಡು ಸೂತಿನ ವಿಟ್‌ವರ್ತ್ ಸ್ಕ್ರೂ ಈಗಲೂ ಇಲ್ಲಿ ಸಿಗುತ್ತದೆ, ಕೇಳಿ ತನ್ನಿ.

ಕೀ ಬೀಗವನ್ನು ಮುಟ್ಟುತ್ತಿಲ್ಲ. ಹಳೇ ಬಾಗಿಲು ದಪ್ಪ, ನಡುತಗಡು ಸೇರಿ ಆಳ ಇನ್ನೂ ಹೆಚ್ಚಿತು. ಆಳದ ಅಳತೆ ಕೊಟ್ಟು ಉದ್ದ ಕೀಯ ಬೀಗವನ್ನೇ ಕೊಳ್ಳಬೇಕು. ಗಿಡ್ಡ ಕೀಗೆ ಸರಳು ಬೆಸೆದು ಉದ್ದ ಮಾಡುವುದು ಬೇಡ, ಬೆಸುಗೆಯ ಜಾಗದಲ್ಲೇ ಮುರಿದು ಒಳಗೆ ಉಳಿಯುತ್ತದೆ.

ಬಾಗಿಲು ತೆರೆದಿದ್ದಾಗ ಸಲೀಸು, ಮುಚ್ಚಿದಾಗ ಬಿಗಿ. ನಾಲಿಗೆಗೂ ಅಗುಳಿಯ ಪಟ್ಟಿಗೂ ನಡುವೆ ಸುಮಾರು 1 ಮಿ.ಮೀ. ಸಂದಿ ಬೇಕು. ನಾಲಿಗೆಗೆ ಮಾರ್ಕರ್ ಮಸಿ ಹಚ್ಚಿ ಹತ್ತು ಸಲ ಆಡಿಸಿ. ಮಸಿ ಅಳಿಸಿದ ಜಾಗವೇ ಉಜ್ಜುವ ಜಾಗ. ಅರ ಹಾಕುವುದಾದರೆ ನಡುತಗಡಿಗೆ ಹಾಕಿ ಸರಿಹೊಂದಿಸಿ. ನಾಲಿಗೆಗೂ ಬೇಡ, ತಿಜೋರಿಯ ಅಗುಳಿ ಪಟ್ಟಿಗೂ ಬೇಡ.

ನಿಲ್ಲಿಸಿ ಬೀಗದವರನ್ನು ಕರೆಯಬೇಕಾದ ಹಂತ

ತಿಜೋರಿ ಮುಚ್ಚಿದೆ, ಮೇಲಿನ ಸುಲಭ ಪರೀಕ್ಷೆಗಳೆಲ್ಲ ಮುಗಿದವು, ತೆರೆಯಲಿಲ್ಲ: ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ಗ್ಯಾಸ್ ಕಟ್ಟರ್ ತರಿಸಬೇಡಿ. ಒಳಗಿನ ಪತ್ರಗಳು ಸುಟ್ಟುಹೋಗುತ್ತವೆ, ಗೋಡೆಯ ಪುಡಿಯಲ್ಲಿನ ನೀರು ಹಬೆಯಾಗಿ ನುಗ್ಗುತ್ತದೆ. ಅಂದಾಜಿನ ಮೇಲೆ ಡ್ರಿಲ್ ಮಾಡುವುದೂ ಬೇಡ. ಬೀಗದ ಮುಂದೆ ಗಟ್ಟಿ ಉಕ್ಕಿನ ತಗಡು ಇರುತ್ತದೆ. ಕೆಲವು ತಿಜೋರಿಗಳಲ್ಲಿ ಬೀಗಕ್ಕೆ ಪೆಟ್ಟು ಬಿದ್ದ ಕೂಡಲೇ ಇನ್ನೊಂದು ಅಗುಳಿ ತಾನಾಗಿ ಬೀಳುತ್ತದೆ, ಆಮೇಲೆ ಒಂದರ ಬದಲು ಎರಡು ಬೀಗ ತೆರೆಯಬೇಕು. ತಿಳಿದವರು ಒಂದೇ ಸಣ್ಣ ತೂತಿನಲ್ಲಿ ಲಿವರ್‌ಗಳನ್ನು ನೋಡಿ ತೆರೆದು, ಆ ತೂತನ್ನು ಉಕ್ಕಿನ ಪಿನ್‌ನಿಂದ ಮುಚ್ಚುತ್ತಾರೆ. ಬರುವವರು ನಿಮ್ಮ ಗುರುತಿನ ಚೀಟಿ, ತಿಜೋರಿ ಕೊಂಡ ರಸೀದಿ ಅಥವಾ ಮನೆಯ ಪತ್ರ ಕೇಳಿದರೆ ಬೇಸರ ಬೇಡ. ಏನೂ ಕೇಳದೆ ತೆರೆಯಲು ಒಪ್ಪುವವರನ್ನು ಒಳಗೆ ಕರೆಯಬೇಡಿ.

ಕೆಲಸ ಮುಗಿದ ಮೇಲೆ ಬಾಗಿಲು ತೆರೆದಿಟ್ಟೇ ಪ್ರತಿ ಕೀಯಿಂದಲೂ ಇಪ್ಪತ್ತೈದು ಸಲ ಹಾಕಿ ತೆಗೆಯಿರಿ. ಒಮ್ಮೆ ತಡವರಿಸಿದರೂ ಎಣಿಕೆ ಮತ್ತೆ ಒಂದರಿಂದ. ಆಮೇಲೆ ಬಾಗಿಲು ಮುಚ್ಚಿ, ಬೀಗ ಹಾಕದೆ, ಹ್ಯಾಂಡಲ್ ಮಾತ್ರ ಹತ್ತು ಸಲ. ಕೊನೆಗೆ ಒಳಗೆ ಏನೂ ಇಡದೆ ಒಂದು ರಾತ್ರಿ ಬೀಗ ಹಾಕಿಟ್ಟು ಬೆಳಿಗ್ಗೆಯ ಚಳಿಯಲ್ಲಿ ತೆರೆದು ನೋಡಿ. ತೆಗೆದ ಹಳೇ ಬೀಗ, ಅದರ ಸ್ಕ್ರೂಗಳು, ಅಳತೆಯ ಹಾಳೆ ಎಲ್ಲವನ್ನೂ ಒಂದು ಬಟ್ಟೆ ಚೀಲಕ್ಕೆ ಹಾಕಿ ತಿಜೋರಿಯ ಕೆಳಗಿನ ಖಾನೆಯಲ್ಲಿಡಿ, ಮುಂದೊಂದು ದಿನ ಅದನ್ನು ಮತ್ತೆ ಕೂರಿಸುವವರಿಗೆ ಬೇಕಾಗುತ್ತದೆ. ಎರಡನೆಯ ಕೀ ಮಾತ್ರ ಆ ಚೀಲದಲ್ಲಿ ಬೇಡ, ಬೇರೊಂದು ಮನೆಯಲ್ಲಿರಲಿ.